ಹಸಿರು ಪರದೆಯನ್ನು ಎಷ್ಟು ನಂಬಬೇಕು?

ಪುಣೆಯ ಹಿಂಜವಡಿ, ಚಾಕಣ್‌ಗಳಲ್ಲಿ ದುಡಿಯುವ ಕನ್ನಡಿಗರಿಗೆ ಡ್ಯಾಶ್‌ಬೋರ್ಡ್ ಹೊಸದಲ್ಲ. ಸೋಮವಾರದ ಮೀಟಿಂಗ್ ಶುರುವಾಗುವುದೇ ಅದರಿಂದ. ಆ ಪರದೆ ತಪ್ಪು ಹೇಳಿದರೆ ಏನಾಗುತ್ತದೆ ಎಂಬುದನ್ನು ಈ ನಗರ 2021ರಲ್ಲಿ ಕಂಡಿದೆ.

ಕೋವಿಡ್ ಎರಡನೇ ಅಲೆಯ ದಿನಗಳವು. ಯಾವ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಖಾಲಿ ಇವೆ ಎಂದು ತೋರಿಸುವ ಡ್ಯಾಶ್‌ಬೋರ್ಡ್ ಇಲ್ಲಿತ್ತು. ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟ್‌ನಲ್ಲಿ ವಿಚಾರಣೆ ನಡೆಯುತ್ತಿದ್ದಾಗಲೇ ಪುಣೆ ಪಾಲಿಕೆಯ ಸಹಾಯವಾಣಿಗೆ ಕರೆ ಹೋಯಿತು. ಪರದೆಯ ಪ್ರಕಾರ ವೆಂಟಿಲೇಟರ್ ಹಾಸಿಗೆ ಇತ್ತು. ಫೋನಿನಲ್ಲಿ ಬಂದ ಉತ್ತರ, ‘ಇಲ್ಲ’.

ಇಂಥ ಕಡೆ ಸಾಫ್ಟ್‌ವೇರ್ ಕೆಟ್ಟಿರಲೇಬೇಕೆಂದಿಲ್ಲ. ರೋಗಿ ದಾಖಲಾದ ಕೂಡಲೇ ಆಸ್ಪತ್ರೆಯಲ್ಲಿ ಯಾರಾದರೂ ಅಂಕಿ ತಿದ್ದಬೇಕು. ಎರಡು ತಾಸು ತಡವಾದರೂ ಖಾಲಿ ಹಾಸಿಗೆ ಪರದೆಯಲ್ಲಷ್ಟೇ ಉಳಿಯುತ್ತದೆ. ಮನೆಯವರು ರೋಗಿಯನ್ನು ಕಟ್ಟಿಕೊಂಡು ಅಲೆಯುತ್ತಾರೆ.

ಕಚೇರಿಗೂ ಇದೇ ಪಾಠ. ಮ್ಯಾನೇಜರ್‌ಗೆ ಇಪ್ಪತ್ತು ಗ್ರಾಫ್ ಬೇಡ. ಇಂದಿನ ತೀರ್ಮಾನಕ್ಕೆ ಬೇಕಾದ ನಾಲ್ಕೈದು ಅಂಕಿ ಸಾಕು. ಪ್ರತಿ ಅಂಕಿಯ ಪಕ್ಕ ಮೂರು ವಿವರ ಇರಲಿ: ಕೊನೆಯ ಬಾರಿ ತಿದ್ದಿದ ಸಮಯ, ಹೊಣೆ ಹೊತ್ತವರ ಹೆಸರು, ಮಿತಿ ದಾಟಿದರೆ ಮಾಡಬೇಕಾದ ಕೆಲಸ. ಅಂಕಿ ಹಳೆಯದಾದರೆ ಹಸಿರು ಅಳಿದು ಬೂದು ಬಣ್ಣ ಬರಲಿ.

ಕೆಂಪು ತೋರಿಸಿದವರನ್ನು ಮೀಟಿಂಗ್‌ನಲ್ಲಿ ಬೈದರೆ ಮುಂದಿನ ವಾರ ಎಲ್ಲವೂ ಹಸಿರಾಗಿರುತ್ತದೆ, ಕೆಲಸ ಮಾತ್ರ ಅಲ್ಲೇ ನಿಂತಿರುತ್ತದೆ. ಅದರ ಬದಲು ವಾರಕ್ಕೊಮ್ಮೆ ಒಂದು ಅಂಕಿಯನ್ನು ಆರಿಸಿ, ಅದು ಹುಟ್ಟಿದ ಜಾಗಕ್ಕೇ ಫೋನ್ ಮಾಡಿ ಕೇಳಿ. ಅಂದು ಕೋರ್ಟ್‌ನಲ್ಲಿ ನಿಜ ತಿಳಿದದ್ದೂ ಒಂದು ಫೋನ್ ಕರೆಯಿಂದಲೇ.