ಕೆಟ್ಟಿದ್ದು ಮೆಷಿನ್ ಅಲ್ಲ, ಕಟ್ಟಿದ್ದು ಸುಣ್ಣ

ಕಳೆದ ವರ್ಷ ಬೆಂಗಳೂರಿನ ತಂಗಿ ಮನೆಗೆ ಹೋಗಿದ್ದೆ. ಅಟ್ಟದ ಮೇಲೆ ಮನೆಬಳಕೆಯ ಒಂದು ಎಸ್‌ಪ್ರೆಸೊ ಕಾಫಿ ಮೆಷಿನ್ ಧೂಳು ಹಿಡಿದು ಕೂತಿತ್ತು. "ಕೆಟ್ಟೋಗಿದೆ ಮಾವ. ರಿಪೇರಿಯವರು ಇದು ಆಗಲ್ಲ, ಹೊಸದು ತಗೊಳ್ಳಿ ಅಂದ್ರು. ಗುಜರಿಗೆ ಹಾಕೋದೇ" ಅಂದ ಅಳಿಯ. "ಹಾಕೋದಾದ್ರೆ ನಂಗೇ ಕೊಡು" ಎಂದು ಗೋಣಿಚೀಲದಲ್ಲಿ ಸುತ್ತಿ ಮೂಡಿಗೆರೆ ಬಸ್ಸಿಗೆ ಹಾಕಿಕೊಂಡು ಬಂದೆ. ಮನೆಯಲ್ಲಿ ನಗೆಯಾಟ. "ಮೂರೆಕರೆ ತೋಟದವನಿಗೆ ಇದೊಂದು ಶೋಕಿ ಬಾಕಿಯಿತ್ತು" ಎಂದಳು ನಮ್ಮನೆಯವಳು.

ಶೋಕಿಯಲ್ಲ ಎಂದು ಈಗ ಧೈರ್ಯವಾಗಿ ಹೇಳಬಲ್ಲೆ. ಅದಕ್ಕೇ ಈ ಬರಹ.

ಮೊದಲು ಮೆಷಿನ್ನಿನ ಕತೆ. ಸ್ವಿಚ್ ಹಾಕಿದರೆ ಪಂಪು ಗುರ್ ಅನ್ನುತ್ತಿತ್ತು, ಬಿಸಿಯೂ ಆಗುತ್ತಿತ್ತು. ನೀರು ಮಾತ್ರ ತೊಟ್ಟು ತೊಟ್ಟು. ಹಬೆಕೊಳವೆ ಪೂರ್ತಿ ಬಂದ್. ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ನಮ್ಮದೇ ತೋಟದ ಡ್ರಿಪ್ ಪೈಪು! ಬೋರ್‌ವೆಲ್ ನೀರು ಹರಿದೂ ಹರಿದೂ ಡ್ರಿಪ್ಪರಿನ ಬಾಯಿ ಬಿಳಿಗಟ್ಟಿ ಕಟ್ಟುವುದಿಲ್ಲವೇ, ಅದೇ ರೋಗ ಇದು. ಬೇಳೆ ಬೇಯದ, ಸೋಪು ನೊರೆಯಾಗದ ಗಡಸು ನೀರಿನಲ್ಲಿ ಸುಣ್ಣ ಕರಗಿಕೊಂಡಿರುತ್ತದೆ. ನೀರು ಕಾದಾಗ ಅದರೊಳಗಿನ ಇಂಗಾಲಾಮ್ಲ ಹಾರಿಹೋಗಿ ಸುಣ್ಣ ಕಲ್ಲಾಗಿ ಕೂರುತ್ತದೆ. ಅಳಿಯನ ಮನೆಯಲ್ಲಿ ಮೂರು ವರ್ಷ ಬೋರ್ ನೀರನ್ನೇ ಹಾಕಿದ್ದರು.

ಈ ಮೆಷಿನ್ನಿನ ಕೆಲಸ ಸರಳ. 90ರಿಂದ 96 ಡಿಗ್ರಿ ಬಿಸಿನೀರನ್ನು ಸುಮಾರು 9 ಬಾರ್, ಅಂದರೆ 130 ಪೌಂಡ್ ಒತ್ತಡದಲ್ಲಿ ನುಣ್ಣನೆ ಕಾಫಿಪುಡಿಯ ಮೂಲಕ ನೂಕುವುದು. ಪಂಪು, ಹೀಟರ್, ವಾಲ್ವ್. ಸ್ಪ್ರೇಯರ್ ಬಿಚ್ಚಿ ಜೋಡಿಸುವ ರೈತನಿಗೆ ಇದರಲ್ಲಿ ಹೆದರುವಂಥದ್ದೇನಿಲ್ಲ.

ನಾನು ಮಾಡಿದ್ದು

ಪ್ಲಗ್ ಕಿತ್ತು, ಪೂರ್ತಿ ತಣ್ಣಗಾದ ಮೇಲೆಯೇ ಕೈ ಹಾಕಿದೆ. ಕಾಫಿ ಹಿಡಿ ಸಿಕ್ಕಿಸುವ ಜಾಗದ ಒಳಗಿನ ಜಾಲರಿ ಬಿಚ್ಚಿದರೆ, ಕರೀ ಟಾರಿನಂಥ ಹಳೇ ಕಾಫಿ ಜಿಡ್ಡು, ಕಮಟು ವಾಸನೆ. ರಬ್ಬರ್ ವಾಷರ್ ಕಲ್ಲಾಗಿತ್ತು. ಬಾಯ್ಲರಿನ ಬೋಲ್ಟ್ ತೆಗೆದಾಗ ಹೀಟರ್ ಕಾಯಿಲ್ ಮೇಲೆ ಮೊಟ್ಟೆ ಚಿಪ್ಪಿಗಿಂತ ದಪ್ಪ ಸುಣ್ಣ.

ಇಲ್ಲಿ ಒಂದು ಮಾತು ನೆನಪಿಡಬೇಕು. ಕೊಳೆ ಎರಡು ಬಗೆ, ಮದ್ದೂ ಎರಡು. ಸುಣ್ಣಕ್ಕೆ ಹುಳಿ ಬೇಕು, ಜಿಡ್ಡಿಗೆ ಸೋಡಾ ಬೇಕು. ಅದಲುಬದಲು ಮಾಡಿದರೆ ಎರಡೂ ಹೋಗುವುದಿಲ್ಲ.

ಸುಣ್ಣಕ್ಕೆ ಸಿಟ್ರಿಕ್ ಆಸಿಡ್. ಅಂಗಡಿಯಲ್ಲಿ ನಿಂಬೆಉಪ್ಪು ಎಂದು ಕೇಳಿದರೂ ಕೊಡುತ್ತಾರೆ. ಲೀಟರಿಗೆ 20 ಗ್ರಾಂ ಕದಡಿ, ಹಿತ್ತಾಳೆ ಬಾಯ್ಲರಿನ ಒಳಭಾಗ ನೆನೆಹಾಕಿದೆ. ಹೀಟರಿನ ವೈರ್ ಕಚ್ಚುವ ತುದಿಗೆ ನೀರು ತಾಗದ ಹಾಗೆ ನೋಡಿಕೊಂಡೆ. ನೊರೆ ನಿಂತ ಮೇಲೆ ತೊಳೆದು, ಹೊಸ ವಾಷರ್ ಹಾಕಿ ಜೋಡಿಸಿದೆ. ಆಮೇಲೆ ಅದೇ ದ್ರಾವಣವನ್ನು ಟ್ಯಾಂಕಿಗೆ ಹಾಕಿ ಸ್ವಲ್ಪ ಸ್ವಲ್ಪ ಎಳೆಸಿ, ಇಪ್ಪತ್ತು ನಿಮಿಷ ಬಿಟ್ಟು, ಮತ್ತೆ ಎಳೆಸಿದೆ. ದ್ರಾವಣ ಬೆಚ್ಚಗಿದ್ದರೆ ಸಾಕು, ಕುದಿಸುವುದು ಬೇಡ. ಪಂಪನ್ನು ಒಂದೇ ಸಮನೆ ಓಡಿಸಬಾರದು. ನೀರು ಹರಿಯದೆ ಓಡಿದರೆ ಸುಟ್ಟುಹೋಗುತ್ತದೆ. ಒಂದು ನಿಮಿಷ ಓಡಿಸಿ ಒಂದು ನಿಮಿಷ ಬಿಟ್ಟೆ. ಅವಸರ ಮಾಡಿದರೆ ಸುಣ್ಣದ ಚಕ್ಕೆ ಎದ್ದು ಬಂದು ವಾಲ್ವಿಗೆ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಮೂರು ಟ್ಯಾಂಕ್ ಬರೀ ನೀರು. ಹಬೆಕೊಳವೆಯ ತೂತಿಗೆ ಪಿನ್ನು. ಜಾಲರಿ, ಸ್ಟೀಲ್ ಬಟ್ಟಲನ್ನು ಬಿಸಿನೀರಿನ ವಾಷಿಂಗ್ ಸೋಡಾದಲ್ಲಿ ಅರ್ಧ ಗಂಟೆ ಇಟ್ಟೆ, ಬೆಳ್ಳಗಾದವು.

ಡ್ರಿಪ್ಪಿಗೆ ಬಿಡುವ ಆಸಿಡ್, ಕಕ್ಕಸು ತೊಳೆಯುವ ಆಸಿಡ್ ಇದಕ್ಕೆ ಖಂಡಿತ ಕೂಡದು. ಹಿತ್ತಾಳೆ, ಲೇಪ ಎಲ್ಲ ತಿಂದುಹಾಕುತ್ತದೆ. ಬಾಯ್ಲರ್ ಅಲ್ಯೂಮಿನಿಯಂ ಆಗಿದ್ದರೆ ಹುಳಿಯನ್ನು ಇನ್ನೂ ತೆಳ್ಳಗೆ, ಸ್ವಲ್ಪ ಹೊತ್ತು ಮಾತ್ರ ಬಿಡಬೇಕು. ಅಲ್ಯೂಮಿನಿಯಂ ಸಾಮಾನಿಗೆ ಸೋಡಾ ಸೋಕಿಸಲೇಬಾರದು. ಸೇಫ್ಟಿ ವಾಲ್ವ್, ಫ್ಯೂಸು, ಅರ್ತ್ ವೈರ್ ಯಾವುದನ್ನೂ 'ಸದ್ಯಕ್ಕೆ ಇರಲಿ' ಎಂದು ಬಿಟ್ಟು ಜೋಡಿಸಬೇಡಿ. ನೀರು, ಕರೆಂಟು, ಒತ್ತಡ ಮೂರೂ ಒಂದೇ ಡಬ್ಬಿಯಲ್ಲಿವೆ.

ಎರಡು ದಿನದ ಕೆಲಸ. ಖರ್ಚು ನಿಂಬೆಉಪ್ಪು ಮತ್ತು ಎರಡು ವಾಷರಿನದು. ಈಗ ಹಾಕುವುದು ಗುಡ್ಡದಿಂದ ಇಳಿದು ಬರುವ ನಮ್ಮ ಮೆದು ನೀರು. ಸುಣ್ಣದ ಕಾಟ ಕಡಿಮೆ.

ಗುಟುಕು ಹೇಳಿದ ಸತ್ಯ

ಈಗ ಮುಖ್ಯ ಸಂಗತಿ. ನಮ್ಮ ಕಾಫಿ ಕೊಳ್ಳುವವರು ಹಲವು ವರ್ಷಗಳಿಂದ "ಮಾಲಿಗೆ ವಾಸನೆ ಇದೆ" ಎಂದು ಮೂಟೆಗಿಷ್ಟು ಮುರಿದುಕೊಳ್ಳುತ್ತಿದ್ದರು. ದರ ಇಳಿಸಲು ನೆಪ ಎಂದೇ ನಾನು ಬೈದುಕೊಳ್ಳುತ್ತಿದ್ದೆ. ಮೆಷಿನ್ ಸರಿಯಾದ ಮೇಲೆ ನಮ್ಮದೇ ರೋಬಸ್ಟಾ ಚೆರಿಯನ್ನು ಒರಳಲ್ಲಿ ಕುಟ್ಟಿ, ಕೇರಿ, ಬಾಣಲೆಯಲ್ಲಿ ಹುರಿದೆವು. ಹಳೇ ಕೈಮಿಲ್ಲಿನಲ್ಲಿ ನುಣ್ಣಗೆ ಬೀಸಿದೆವು. ಸಿಮೆಂಟ್ ಕಣದಲ್ಲಿ ಒಣಗಿದ್ದು ಒಂದು, ಜಾಗ ಸಾಲದೆ ಬರೀ ನೆಲದಲ್ಲಿ ಹರವಿದ್ದು ಇನ್ನೊಂದು. ಹಾಲು, ಸಕ್ಕರೆ ಇಲ್ಲದೆ ಒಂದೊಂದು ಗುಟುಕು ಕುಡಿದೆ.

ಕಣದ್ದು ಗಟ್ಟಿ, ಮೇಲೆ ಕಂದು ನೊರೆ, ಕಹಿಯಾದರೂ ಚೊಕ್ಕ. ನೆಲದ್ದು ಬಾಯಿಗಿಟ್ಟ ಕೂಡಲೇ ಮಳೆಗಾಲದ ಗೋಣಿಚೀಲದ ಮುಗ್ಗಲು. ನಮ್ಮನೆಯವಳು ಎರಡನೇ ಗುಟುಕು ಮುಟ್ಟಲಿಲ್ಲ. ವ್ಯಾಪಾರಿ ಹೇಳಿದ್ದು ಸುಳ್ಳಲ್ಲ. ನನಗೆ ನಾಚಿಕೆಯಾಯಿತು.

ಇಷ್ಟು ವರ್ಷ ಯಾಕೆ ಗೊತ್ತಾಗಲಿಲ್ಲ? ಹಾಲು, ಸಕ್ಕರೆ, ಚಿಕೋರಿ ಸೇರಿದರೆ ಎಂಥ ದೋಷವೂ ಅಡಗುತ್ತದೆ. ಬೆಲ್ಲದ ಕಾಫಿಯಲ್ಲೂ ಅಷ್ಟೇ. ಜೊತೆಗೆ ಇನ್ನೊಂದು ಕಾರಣವಿದೆ. ಹಿಂದೆ ನಮ್ಮ ಮಾಲೆಲ್ಲ ಕಾಫಿ ಬೋರ್ಡಿನ ಪೂಲಿಗೆ ಹೋಗುತ್ತಿತ್ತು. ತೂಗಿ ಕೊಟ್ಟರೆ ನಮ್ಮ ಕೆಲಸ ಮುಗಿಯಿತು. 1996ರ ಹೊತ್ತಿಗೆ ಆ ಪದ್ಧತಿ ಹೋಯಿತು, ಮಾರುವ ಸ್ವಾತಂತ್ರ್ಯ ಬಂತು. ಆದರೆ ರುಚಿ ನೋಡುವ ಅಭ್ಯಾಸ ಬರಲಿಲ್ಲ. ಭಾರತದ ಕಾಫಿಯ ದೊಡ್ಡ ಗಿರಾಕಿ ಇಟಲಿ. ಅಲ್ಲಿನವರು ಎಸ್‌ಪ್ರೆಸೊಗೆ ನೊರೆ ಮತ್ತು ಗಟ್ಟಿತನ ಬರಲೆಂದು ರೋಬಸ್ಟಾ ಬೆರೆಸುತ್ತಾರೆ. ನಾವು ಬೆಳೆದದ್ದು ಎಲ್ಲಿ, ಹೇಗೆ ಕುಡಿಯಲ್ಪಡುತ್ತದೋ ಆ ರೀತಿಯಲ್ಲಿ ನಾವೇ ಕುಡಿದು ನೋಡಿಲ್ಲ. ಭತ್ತದವನು ತನ್ನ ಅಕ್ಕಿಯ ಅನ್ನ ಉಣ್ಣದೆ ಮಾರುತ್ತಾನೆಯೇ?

ಹೊಸ ಮೆಷಿನ್ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಸಣ್ಣ ರೈತನಿಗೆ ಅದು ಸಲ್ಲದ ಖರ್ಚು. ಲೋಟದಲ್ಲಿ ಪುಡಿ ಹಾಕಿ ಬಿಸಿನೀರು ಹೊಯ್ದು, ಚಮಚದಲ್ಲಿ ಹೀರಿದರೂ ಮಾಲಿನ ಗುಣ ತಿಳಿಯುತ್ತದೆ. ಆದರೆ ಪೇಟೆಯ ನೆಂಟರ ಅಟ್ಟದಲ್ಲಿ ಇಂಥದ್ದೊಂದು ಇದ್ದರೆ ಗುಜರಿಗೆ ಬಿಡಬೇಡಿ. ಊರಿಗೊಂದು, ಸಂಘಕ್ಕೊಂದು ಇದ್ದರೆ ಸಾಕು. ಕೊಯ್ಲು ಮುಗಿದ ಮೇಲೆ ಒಂದು ಸಂಜೆ ಎಲ್ಲರೂ ತಮ್ಮ ತಮ್ಮ ಹಿಡಿಯಷ್ಟು ಬೀಜ ತರಲಿ. ಯಾರದು ಎಂದು ಹೇಳದೆ ಕುಡಿದು ನೋಡೋಣ. ಮೆಷಿನ್ ಮಾತ್ರ ಮೊದಲು ಚೊಕ್ಕ ಇರಬೇಕು, ಇಲ್ಲದಿದ್ದರೆ ಅದರ ಜಿಡ್ಡಿನ ತಪ್ಪು ನಮ್ಮ ಬೀಜದ ಮೇಲೆ ಬರುತ್ತದೆ.

ಈ ಸಲ ಬರೀ ನೆಲದಲ್ಲಿ ಒಂದು ಕಾಳೂ ಹರವಿಲ್ಲ. ಕಣ ಸಾಲದ ಕಡೆ ಟಾರ್ಪಾಲು ಹಾಸಿದೆ. ಮಾಲು ಇನ್ನೂ ಮನೆಯಲ್ಲೇ ಇದೆ. ಕೊಳ್ಳುವವರು ಬಂದಾಗ ಮೊದಲು ಒಂದು ಲೋಟ ಕಾಫಿ ಕೊಟ್ಟು, ಆಮೇಲೆ ದರದ ಮಾತು ಎಂದು ತೀರ್ಮಾನಿಸಿದ್ದೇನೆ. ನೀವೂ ಒಮ್ಮೆ ನಿಮ್ಮ ಬೆಳೆ ಕುಡಿದು ನೋಡಿ. ಏನು ಕಂಡಿತೆಂದು ಬರೆಯಿರಿ.