ಹೆಸರೊಂದು, ಗಿಡವೆರಡು: ಬ್ರಾಹ್ಮಿ ಗುಳಿಗೆಯ ಲೇಬಲು ಏನನ್ನು ಹೇಳಬೇಕು?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಅಡಿಕೆ ತೋಟಗಳಲ್ಲಿ ತೇವವಿರುವೆಡೆಯೆಲ್ಲ ನೆಲಕ್ಕೆ ಹಬ್ಬಿ ಬೆಳೆಯುವ ಒಂದು ಸಣ್ಣ ಸಸ್ಯವನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಒಂದೊಂದು ತೊಟ್ಟಿಗೆ ಒಂದೇ ಒಂದು ದುಂಡನೆಯ ಎಲೆ. ಆದುದರಿಂದಲೇ ಅದಕ್ಕೆ ಒಂದೆಲಗವೆಂದು ಹೆಸರು. ಅದನ್ನು ಕಾಯಿತುರಿ, ಜೀರಿಗೆ, ಮೆಣಸುಗಳೊಡನೆ ನುಣ್ಣಗೆ ಅರೆದು ಮಜ್ಜಿಗೆಯಲ್ಲಿ ಕದಡಿದರೆ ತಂಬುಳಿಯಾಯಿತು. ಪರೀಕ್ಷೆ ಸಮೀಪಿಸಿತೆಂದರೆ ಮನೆಯ ಹಿರಿಯರು “ಇದು ಬ್ರಾಹ್ಮಿ, ತಿಂದರೆ ನೆನಪು ಚುರುಕಾಗುತ್ತದೆ” ಎಂದು ಮಕ್ಕಳಿಗೆ ಇನ್ನೊಂದು ಸೌಟು ಬಡಿಸುವುದುಂಟು.

ಅದೇ ಬ್ರಾಹ್ಮಿಯ ಹೆಸರನ್ನು ಹೊತ್ತ ಗುಳಿಗೆಗಳೂ ಸಿರಪ್ಪುಗಳೂ ಇಂದು ಪೇಟೆಯ ಔಷಧಿ ಅಂಗಡಿಗಳಲ್ಲಿ ದೊರೆಯುತ್ತವೆ. ಅಂಚೆಯ ಮೂಲಕ ಮನೆಯ ಬಾಗಿಲಿಗೂ ಬರುತ್ತವೆ. ತೋಟದ ಎಲೆಯೂ ಡಬ್ಬಿಯೊಳಗಿನ ಗುಳಿಗೆಯೂ ಒಂದೇ ವಸ್ತುವೆಂದು ನಂಬಿ ಕೊಳ್ಳುವವರೇ ಹೆಚ್ಚು. ಈ ನಂಬಿಕೆ ಸರಿಯೇ? ಇದಕ್ಕೆ ಉತ್ತರವನ್ನು ಡಬ್ಬಿಯ ಮೇಲಿನ ಲೇಬಲೇ ಹೇಳಬೇಕು. ಹೇಳದಿದ್ದರೆ ಅಂಥ ಡಬ್ಬಿಯನ್ನು ಕೊಳ್ಳಕೂಡದು. ಇದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಮುಂದೆ ವಿವರಿಸುತ್ತೇವೆ.

ಮೊದಲನೆಯದಾಗಿ ಹೆಸರಿನ ವಿಚಾರವನ್ನೇ ತೆಗೆದುಕೊಳ್ಳೋಣ. ಬ್ರಾಹ್ಮಿ ಎಂಬ ಹೆಸರು ನಮ್ಮ ದೇಶದಲ್ಲಿ ಎರಡು ಬೇರೆ ಬೇರೆ ಸಸ್ಯಗಳಿಗೆ ಸಲ್ಲುತ್ತದೆ. ನಮ್ಮ ಒಂದೆಲಗದ ವೈಜ್ಞಾನಿಕ ನಾಮ ಸೆಂಟೆಲ್ಲ ಏಷ್ಯಾಟಿಕ. ಅದು ಕೊತ್ತಂಬರಿ, ಜೀರಿಗೆಗಳ ಕುಟುಂಬಕ್ಕೆ ಸೇರಿದುದು. ಇನ್ನೊಂದು ನೀರುಬ್ರಾಹ್ಮಿ, ಅದರ ವೈಜ್ಞಾನಿಕ ನಾಮ ಬಕೋಪ ಮೊನ್ನಿಯೇರಿ. ಅದು ಜೌಗು ನೆಲದಲ್ಲಿ ಬೆಳೆಯುತ್ತದೆ. ಅದರ ಎಲೆಗಳು ಚಿಕ್ಕವು, ದಪ್ಪನೆಯವು, ಎದುರುಬದುರಾಗಿ ಜೋಡಿಯಲ್ಲಿರುವಂಥವು. ಒಂದೆಲಗದ ಕುಟುಂಬಕ್ಕೂ ಅದಕ್ಕೂ ಸಂಬಂಧವಿಲ್ಲ. ಒಂದರಲ್ಲಿ ಏಷ್ಯಾಟಿಕೋಸೈಡ್ ಮುಂತಾದ ರಾಸಾಯನಿಕಗಳಿದ್ದರೆ ಇನ್ನೊಂದರಲ್ಲಿ ಬಕೋಸೈಡ್‌ಗಳಿವೆ. ಭಾರತದ ಆಯುರ್ವೇದ ಔಷಧಕೋಶವು ಬ್ರಾಹ್ಮಿ ಎಂಬ ಹೆಸರನ್ನು ಬಕೋಪಕ್ಕೂ, ಮಂಡೂಕಪರ್ಣಿ ಎಂಬ ಹೆಸರನ್ನು ಸೆಂಟೆಲ್ಲಕ್ಕೂ ನಿಗದಿ ಮಾಡಿದೆ. ಆದರೆ ಜನರ ಬಾಯಲ್ಲಿ ಈ ವಿಂಗಡಣೆ ನಿಂತಿಲ್ಲ.

ಹೆಸರಿನ ಈ ಗೊಂದಲದಿಂದ ನಷ್ಟವೇನೆಂದು ಕೆಲವರು ಕೇಳಬಹುದು. ಒಂದು ಉದಾಹರಣೆಯನ್ನು ನೋಡೋಣ. 2001ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಆರೋಗ್ಯವಂತರಾದ 46 ಮಂದಿಯ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಕೆಲವರಿಗೆ ದಿನವೂ 300 ಮಿಲಿಗ್ರಾಂ ಬಕೋಪ ಸಾರವನ್ನೂ ಉಳಿದವರಿಗೆ ಔಷಧವಿಲ್ಲದ ಹುಸಿ ಗುಳಿಗೆಯನ್ನೂ ಕೊಡಲಾಯಿತು. ಕಲಿಕೆಯ ವೇಗವೇ ಮೊದಲಾದ ಕೆಲವು ಪರೀಕ್ಷೆಗಳಲ್ಲಿ ಸಾರವನ್ನು ಸೇವಿಸಿದವರು ಮುಂದಿದ್ದರು. ಈ ಪರಿಣಾಮ ಅತ್ಯಂತ ಸ್ಪಷ್ಟವಾಗಿ ತೋರಿದ್ದು 12 ವಾರಗಳ ತರುವಾಯ. ಪ್ರಯೋಗ ಚಿಕ್ಕದು, ಫಲ ಪರಿಮಿತವಾದುದು. ಅದು ಬಕೋಪಕ್ಕೆ ಸಂಬಂಧಿಸಿದ್ದೇ ಹೊರತು ಒಂದೆಲಗಕ್ಕಲ್ಲ. ಪರೀಕ್ಷೆಗೆ ಹದಿನೈದು ದಿನ ಉಳಿದಿರುವಾಗ ಡಬ್ಬಿಯನ್ನು ಕೊಳ್ಳುವ ವಿದ್ಯಾರ್ಥಿಗಂತೂ ಅದು ಯಾವ ಭರವಸೆಯನ್ನೂ ಕೊಡುವುದಿಲ್ಲ. ಲೇಬಲಿನಲ್ಲಿ ಬರಿಯ “ಬ್ರಾಹ್ಮಿ” ಎಂದಿದ್ದರೆ, ಒಂದು ಗಿಡದ ಮೇಲೆ ನಡೆದ ಪ್ರಯೋಗದ ಕೀರ್ತಿಯನ್ನು ಇನ್ನೊಂದು ಗಿಡದ ಪುಡಿಗೆ ಅಂಟಿಸಿ ಮಾರುವುದು ಸುಲಭವಾಗುತ್ತದೆ.

ಎರಡನೆಯ ವಿಷಯ ಪ್ರಮಾಣ. ನಮ್ಮ ತೋಟಗಾರರು ಅಡಿಕೆಯ ಕೊಳೆರೋಗವನ್ನು ತಡೆಯಲು ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತಾರೆ. ಶೇಕಡ 1ರ ದ್ರಾವಣಕ್ಕೆ 1 ಕಿಲೋಗ್ರಾಂ ಮೈಲುತುತ್ತ, 1 ಕಿಲೋಗ್ರಾಂ ಸುಣ್ಣ, 100 ಲೀಟರ್ ನೀರು. ಇದು ಅವರಿಗೆ ಬಾಯಿಪಾಠ. ಮೈಲುತುತ್ತ ಹೆಚ್ಚಾದರೆ ಹಿಂಗಾರ ಸುಡುತ್ತದೆ, ಕಡಿಮೆಯಾದರೆ ರೋಗ ನಿಲ್ಲುವುದಿಲ್ಲ. ಮರದ ಕೊನೆಗೆ ಹೊಡೆಯುವ ಮದ್ದನ್ನು ಇಷ್ಟು ನಿಷ್ಠೆಯಿಂದ ತೂಗುವ ನಾವು, ಮಕ್ಕಳ ಮಿದುಳಿಗೆಂದು ಕೊಡುವ ಗುಳಿಗೆಯಲ್ಲಿ ಎಷ್ಟು ಮಿಲಿಗ್ರಾಂ ಏನಿದೆ ಎಂದು ಕೇಳುವುದೇ ಇಲ್ಲ! ಎಲೆಯ ಪುಡಿ ಬೇರೆ, ಸಾರ ಬೇರೆ. ಹಲವು ಗ್ರಾಂ ಎಲೆಯ ಸತ್ತ್ವವನ್ನು ಒಂದು ಗುಳಿಗೆಯಲ್ಲಿ ಅಡಗಿಸಬಹುದು.

“ಅಜ್ಜಿಯ ಕಾಲದಿಂದ ತಿಂದಿದ್ದೇವೆ, ಯಾರಿಗೂ ಏನೂ ಆಗಿಲ್ಲ” ಎಂಬ ವಾದಕ್ಕೆ ಇಲ್ಲಿಯೇ ಉತ್ತರವಿದೆ. ಅಜ್ಜಿ ಕೊಟ್ಟದ್ದು ಆಗೊಮ್ಮೆ ಈಗೊಮ್ಮೆ ಒಂದು ಹಿಡಿ ಎಲೆಯ ತಂಬುಳಿಯನ್ನು. ವಾರಗಟ್ಟಲೆ ನಿತ್ಯವೂ ನುಂಗುವ ಸಾರವನ್ನಲ್ಲ. ಒಂದೆಲಗದ ಗುಳಿಗೆಗಳನ್ನು ಕೆಲವು ವಾರಗಳ ಕಾಲ ಸೇವಿಸಿದ ಮೂವರು ಸ್ತ್ರೀಯರಿಗೆ ಕಾಮಾಲೆಯೊಡನೆ ಪಿತ್ತಜನಕಾಂಗದ ರೋಗ ತಲೆದೋರಿದುದನ್ನು ಅರ್ಜೆಂಟೀನದ ವೈದ್ಯರು 2005ರಲ್ಲಿ ವರದಿ ಮಾಡಿದರು. ಗುಳಿಗೆಯನ್ನು ನಿಲ್ಲಿಸಿದ ಮೇಲೆ ಅವರು ಚೇತರಿಸಿಕೊಂಡರು. ಮೂರು ಪ್ರಕರಣಗಳಿಂದ ಒಂದೆಲಗವೇ ವಿಷವೆಂದು ತೀರ್ಮಾನಿಸುವುದು ತಪ್ಪು. ಸಸ್ಯಮೂಲವಾದುದೆಲ್ಲ ನಿರಪಾಯವೆಂದು ತಿಳಿಯುವುದೂ ಅಷ್ಟೇ ತಪ್ಪು. ತೋಟದ ಎಲೆಗೂ ಈ ಎಚ್ಚರಿಕೆ ಸಲ್ಲುತ್ತದೆ: ಬೋರ್ಡೋ ದ್ರಾವಣವನ್ನು ಹೊಡೆದಾಗ ಮರದಿಂದ ತೊಟ್ಟಿಕ್ಕಿದ ತಾಮ್ರವು ಕೆಳಗಿನ ಒಂದೆಲಗದ ಮೇಲೆಯೇ ಬೀಳುವುದರಿಂದ, ಆ ದಿನಗಳಲ್ಲಿ ಎಲೆಯನ್ನು ಬೇರೆಡೆಯಿಂದ ಕೊಯ್ಯುವುದು ಲೇಸು.

ಮೂರನೆಯ ವಿಷಯ ಶುದ್ಧತೆ. ಬಕೋಪವು ತಾನು ಬೆಳೆಯುವ ನೀರು ಮತ್ತು ಕೆಸರುಗಳಿಂದ ಕ್ಯಾಡ್ಮಿಯಂ, ಸೀಸ ಮುಂತಾದ ಲೋಹಗಳನ್ನು ಹೀರಿ ತನ್ನಲ್ಲಿ ಸಂಗ್ರಹಿಸಿಕೊಳ್ಳಬಲ್ಲದು. ಕೊಳಚೆ ನೀರಿನಲ್ಲಿ ಬೆಳೆದ ಗಿಡವನ್ನು ಪುಡಿ ಮಾಡಿದರೆ ಅದನ್ನು ಕಣ್ಣಿನಿಂದಾಗಲಿ ಮೂಗಿನಿಂದಾಗಲಿ ಕಂಡುಹಿಡಿಯಲಾಗದು. 2004ರಲ್ಲಿ ಅಮೆರಿಕದ ಬಾಸ್ಟನ್ ಪ್ರದೇಶದ ಅಂಗಡಿಗಳಿಂದ ಕೊಂಡು ಪರೀಕ್ಷಿಸಿದ, ದಕ್ಷಿಣ ಏಷ್ಯದಲ್ಲಿ ತಯಾರಾದ 70 ಆಯುರ್ವೇದ ಉತ್ಪನ್ನಗಳ ಪೈಕಿ 14ರಲ್ಲಿ ಸೀಸ, ಪಾದರಸ, ಆರ್ಸೆನಿಕ್ ಇವುಗಳಲ್ಲಿ ಒಂದಾದರೂ ಇದ್ದಿತೆಂದು ವರದಿಯಾಯಿತು. ಬೆಳೆಯುವ ಮಕ್ಕಳ ಮಿದುಳಿಗೆ ಸೀಸವು ಅತಿ ಕೆಟ್ಟ ಶತ್ರು. ಬುದ್ಧಿ ಬೆಳೆಯಲೆಂದು ಕೊಟ್ಟ ಗುಳಿಗೆಯೇ ಬುದ್ಧಿಯನ್ನು ಕುಂದಿಸಿದರೆ ಅದಕ್ಕಿಂತ ದೊಡ್ಡ ವಿಪರ್ಯಾಸವುಂಟೆ?

ಹಾಗಾದರೆ ಕಾನೂನು ಏನೆನ್ನುತ್ತದೆ? ಒಂದೇ ಗಿಡವು ಅಂಗಡಿಯನ್ನು ಎರಡು ಬಾಗಿಲುಗಳಿಂದ ಪ್ರವೇಶಿಸಬಹುದು. ಆಯುರ್ವೇದ ಔಷಧವಾಗಿ ಬಂದರೆ 1940ರ ಔಷಧ ಮತ್ತು ಪ್ರಸಾಧನಗಳ ಕಾಯಿದೆ ಅನ್ವಯಿಸುತ್ತದೆ. ಪೂರಕ ಆಹಾರವಾಗಿ ಬಂದರೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ. ಪೂರಕ ಆಹಾರದ ಲೇಬಲಿನಲ್ಲಿ “ಔಷಧೋಪಯೋಗಕ್ಕಲ್ಲ” ಎಂಬ ಅರ್ಥದ ಮಾತೂ, ದಿನದ ಪ್ರಮಾಣವೂ, ತಯಾರಕರ 14 ಅಂಕಿಗಳ ಪರವಾನಗಿ ಸಂಖ್ಯೆಯೂ ಇರತಕ್ಕದ್ದು. ರೋಗವನ್ನು ಗುಣಪಡಿಸುತ್ತದೆಂದು ಅದು ಹೇಳಿಕೊಳ್ಳುವಂತಿಲ್ಲ. ಆದರೆ ಆಹಾರದ ಲೇಬಲಿಗೆ ಕೇಂದ್ರದ ನಿಯಮದಂತೆ ಇಂಗ್ಲಿಷಾಗಲಿ ದೇವನಾಗರಿಯ ಹಿಂದಿಯಾಗಲಿ ಸಾಕು. ಬೇರೆ ಭಾಷೆಯನ್ನು ಸೇರಿಸುವುದು ತಯಾರಕರ ಇಚ್ಛೆಗೆ ಬಿಟ್ಟದ್ದು. ಡಬ್ಬಿಯ ಮುಂಭಾಗದಲ್ಲಿ ಮಿದುಳಿನ ಚಿತ್ರ ದೊಡ್ಡದಾಗಿರುತ್ತದೆ. ಎಚ್ಚರಿಕೆಯ ಮಾತು ಹಿಂಭಾಗದಲ್ಲಿ ಸಾಸುವೆಯಷ್ಟು ಸಣ್ಣ ಅಕ್ಷರದಲ್ಲಿ, ಮನೆಯ ಹಿರಿಯರಿಗೆ ತಿಳಿಯದ ಭಾಷೆಯಲ್ಲಿರುತ್ತದೆ.

ಆದುದರಿಂದ ನಾವು ಕೇಳುವುದಿಷ್ಟು. ಬ್ರಾಹ್ಮಿ ಎಂದು ಮಾರುವ ಪ್ರತಿಯೊಂದು ಡಬ್ಬಿಯ ಮುಂಭಾಗದಲ್ಲಿಯೇ ಗಿಡದ ವೈಜ್ಞಾನಿಕ ನಾಮವಿರಬೇಕು. ಎಲೆಯೋ ಇಡೀ ಗಿಡವೋ, ಪುಡಿಯೋ ಸಾರವೋ, ಎಷ್ಟು ಮಿಲಿಗ್ರಾಂ ಎಂಬುದಿರಬೇಕು. ಲೋಹಗಳ ಪರೀಕ್ಷೆಯ ಫಲಿತಾಂಶವನ್ನು ಕೇಳಿದವರಿಗೆ ತೋರಿಸಬೇಕು. ಎಚ್ಚರಿಕೆಯ ಮಾತುಗಳು ಕರ್ನಾಟಕದಲ್ಲಿ ಕನ್ನಡದಲ್ಲಿಯೂ ಇರಬೇಕು. ಇದು ತಯಾರಕರಿಗೆ ಭಾರವಾಗಲಾರದು. ಅಯೊಡಿನ್ ಬೆರೆಸಿದ ಉಪ್ಪಿನ ಪೊಟ್ಟಣವನ್ನು ನೋಡಿರಿ: ಮಿದುಳಿನ ಬೆಳವಣಿಗೆಗೆ ಅಯೊಡಿನ್ ಅವಶ್ಯವೆಂಬುದು ಸಿದ್ಧವಾದ ಸಂಗತಿ, ಆ ಅಗ್ಗದ ಪೊಟ್ಟಣವೂ ತನ್ನಲ್ಲಿ ಅಯೊಡಿನ್ ಎಷ್ಟಿದೆಯೆಂದು ಹೇಳುತ್ತದೆ. ಉಪ್ಪು ಹೇಳಬಲ್ಲದ್ದನ್ನು ಅದಕ್ಕಿಂತ ಎಷ್ಟೋ ಪಟ್ಟು ಬೆಲೆಯ ಗುಳಿಗೆ ಏಕೆ ಹೇಳಬಾರದು?

ವಿದ್ಯಾರ್ಥಿಮಿತ್ರರು ಈ ಕಾರ್ಯವನ್ನು ಇಂದೇ ಆರಂಭಿಸಬಹುದು. ಮನೆಯಲ್ಲಿ ಅಂಥ ಡಬ್ಬಿಯಿದ್ದರೆ ಕೈಗೆತ್ತಿಕೊಂಡು ಓದಿರಿ; ಓದಿದ್ದನ್ನು ಹಿರಿಯರಿಗೆ ಕನ್ನಡದಲ್ಲಿ ಹೇಳಿರಿ. ಮೂರ್ಛೆರೋಗಕ್ಕಾಗಲಿ ಬೇರೆ ಕಾಯಿಲೆಗಾಗಲಿ ಮದ್ದು ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟದಂತೆ ನೋಡಿಕೊಳ್ಳಿರಿ. ಗುಳಿಗೆಗೆಂದು ತೆಗೆದಿಟ್ಟ ಹಣದಿಂದ ಒಂದು ಒಳ್ಳೆಯ ಪುಸ್ತಕವನ್ನು ಕೊಂಡು, ರಾತ್ರಿ ಸಾಕಷ್ಟು ನಿದ್ರಿಸಿದರೆ ಪರೀಕ್ಷೆಗೆ ಅದೇ ಹೆಚ್ಚಿನ ಸಹಾಯ. ಒಂದೆಲಗದ ತಂಬುಳಿಯನ್ನು ರುಚಿಗಾಗಿ ಧಾರಾಳವಾಗಿ ಉಣ್ಣಬಹುದು. ಎಲೆಯನ್ನು ಎಲ್ಲಿಂದ ಕೊಯ್ದು ತಂದರೆಂಬುದನ್ನು ಮಾತ್ರ ಒಮ್ಮೆ ಕೇಳಿಕೊಳ್ಳಿರಿ.