ನಗೆಗೂ ಒಂದು ಖಾತೆ ಇದೆ

ಹುಬ್ಬಳ್ಳಿ-ಧಾರವಾಡದ ತರುಣರಲ್ಲಿ ಈಗ ಸಿನಿಮಾ ಕಥೆ ಬರೆಯುವ ಹುರುಪು ಬಹಳವಾಗಿ ಕಾಣುತ್ತಿದೆ. ಹಿಂದೆ ನಾಟಕ ಬರೆದವನು ಕಂಪನಿ ಮಾಲಕನ ಮನೆಯ ಕಟ್ಟೆಯ ಮೇಲೆ ತಿಂಗಳುಗಟ್ಟಲೆ ಕಾಯ್ದು ಕೂಡ್ರಬೇಕಾಗುತ್ತಿತ್ತು. ಈಗ ಕೈಯಲ್ಲೊಂದು ಮೊಬೈಲು ಇದ್ದರೆ ನಾಲ್ಕು ಮಂದಿ ಗೆಳೆಯರು ಕೂಡಿ ಚಿತ್ರ ತೆಗೆದು ಊರಿಗೆಲ್ಲ ತೋರಿಸಬಹುದು. ಇದು ಒಳ್ಳೆಯದೇ. ಸಾಧನ ಅಗ್ಗವಾದಷ್ಟೂ ಬಡವನ ಮಾತಿಗೆ ದಾರಿ ಅಗಲವಾಗುತ್ತದೆ. ಆದರೆ ಈ ತರುಣರು ಬರೆಯುವುದರಲ್ಲಿ ಬಹುಪಾಲು ಹಾಸ್ಯ. ಆ ಹಾಸ್ಯದಲ್ಲಿಯೂ ಬಹುಪಾಲು ಅವೇ ನಾಲ್ಕು ಪಾತ್ರಗಳು: ಕುಡುಕ, ತೊದಲುವವ, ದಪ್ಪ ಮೈಯ ಹೆಂಡತಿ, ಪ್ಯಾಟಿಗೆ ಬಂದು ಕಕ್ಕಾಬಿಕ್ಕಿಯಾದ ಹಳ್ಳಿಯವ. ಆದ್ದರಿಂದ ಹಾಸ್ಯಚಿತ್ರದ ಕಥೆಯಲ್ಲಿ ನಗೆ ಎಷ್ಟಿರಬೇಕು, ನೋವು ಎಷ್ಟಿರಬೇಕು, ಎರಡನ್ನೂ ಕೂಡಿಸುವ ಬಗೆ ಹೇಗೆ ಎಂಬುದನ್ನು ವಿಚಾರಿಸುವುದು ಅಗತ್ಯವೆಂದು ನಮಗೆ ತೋರಿದೆ. ಇದು ಬರೆಯುವವರ ಮನೆವಾರ್ತೆ ಎಂದು ವಾಚಕರು ಪುಟ ತಿರುವಬಾರದು. ಟಿಕೀಟಿಗೆ ರೊಕ್ಕ ಕೊಡುವವರು ನೀವು. ಅನೇಕ ಸಲ ತೆರೆಯ ಮೇಲೆ ನಗೆಪಾಟಲಿಗೆ ಈಡಾಗುವವರೂ ನೀವೇ.

ನಮ್ಮ ಕಂಪನಿ ನಾಟಕಗಳಲ್ಲಿ ಹಾಸ್ಯಕ್ಕೆ ಬೇರೆಯೇ ಒಂದು ಕೋಣೆ ಇತ್ತು. ಇದಕ್ಕೆ ಕಾರಣ ಬರೆಯುವವನ ತಲೆಯಲ್ಲಿ ಇರಲಿಲ್ಲ, ರಂಗದ ಮೇಲಿತ್ತು. ಅರಮನೆಯ ದರ್ಬಾರು ಮುಗಿದು ಕಾಡಿನ ದೃಶ್ಯ ಕಟ್ಟಬೇಕಾದರೆ ಆಳುಗಳಿಗೆ ಸಮಯ ಬೇಕು. ಅಷ್ಟು ಹೊತ್ತು ಮಂದಿಯನ್ನು ಸುಮ್ಮನೆ ಕೂಡ್ರಿಸಿದರೆ ಸೀಟಿ ಹೊಡೆಯುತ್ತಾರೆ. ಆದ್ದರಿಂದ ಮುಂದೆ ರಸ್ತೆಯ ಪರದೆಯೊಂದನ್ನು ಇಳಿಬಿಟ್ಟು, ಹಾಸ್ಯಗಾರನನ್ನು ಹೊರಗೆ ನೂಕುತ್ತಿದ್ದರು. ಆತ ಮನೆಯಾಳು, ಆಕೆ ಅಡಿಗೆಯವಳು. ಅವರ ಜಗಳ, ಅವರ ಹಾಡು. ಹಿಂದೆ ಮೊಳೆ ಹೊಡೆಯುವ ಸಪ್ಪಳ ನಿಂತ ಕೂಡಲೇ ಅವರು ಒಳಗೆ ಹೋಗಬೇಕು. ನಾಯಕನ ಕಷ್ಟಕ್ಕೂ ಇವರ ನಗೆಗೂ ಸಂಬಂಧವಿಲ್ಲ. ಬಾದಾಮಿಯ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ನಾಟಕ ಕಂಪನಿಗಳು ಸಾಲಾಗಿ ತಂಬು ಹೊಡೆಯುತ್ತವೆ. ಅಲ್ಲಿ ನಗೆಯೇ ನಾಟಕವನ್ನು ನುಂಗಿ, ಕಥೆಯೆಂಬುದು ಎರಡು ನಗೆಗಳ ನಡುವಿನ ಪರದೆಯಾಗಿ ಉಳಿದದ್ದನ್ನು ನೋಡಿದವರು ಬಲ್ಲರು.

ಸಿನಿಮಾಕ್ಕೆ ಪರದೆ ಬದಲಿಸುವ ತೊಂದರೆ ಇಲ್ಲ. ಕತ್ತರಿಯ ಒಂದು ಏಟಿಗೆ ಅರಮನೆ ಹೋಗಿ ಅಡವಿ ಬರುತ್ತದೆ. ಆದರೂ ಹಳೆಯ ರೂಢಿ ಬಿಡಲಿಲ್ಲ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರರೂ ನರಸಿಂಹರಾಜರೂ ಕೂಡಿಯೇ ಬೆಳಕಿಗೆ ಬಂದರು. ಇಬ್ಬರೂ ರಂಗಭೂಮಿಯಲ್ಲಿ ಪಳಗಿದವರು. ಮುಂದೆ ವರುಷಾನುಗಟ್ಟಲೆ ಒಬ್ಬರಿಗೆ ಕಥೆ, ಇನ್ನೊಬ್ಬರಿಗೆ ನಗೆ ಎಂದು ಪಾಲು ಹಂಚಿಕೆಯಾಯಿತು. ನರಸಿಂಹರಾಜರಂಥ ನಟನಿದ್ದಾಗ ಆ ಪಾಲೂ ಬೆಳಗಿತು. ಆದರೆ ಆ ಗುಣ ನಟನದು, ಬರವಣಿಗೆಯದಲ್ಲ. ನಟ ಹೋದ ಮೇಲೆ ಬರವಣಿಗೆಯ ಬಡತನವಷ್ಟೇ ಉಳಿಯಿತು.

ಇನ್ನೊಂದು ರೂಢಿಯೂ ಇದೆ. ಮಧ್ಯಂತರದವರೆಗೆ ನಗೆ, ಮಧ್ಯಂತರದ ನಂತರ ಅಳು. ಚುರುಮುರಿ ಅಂಗಡಿ ಮುಚ್ಚಿ ಅದೇ ಜಾಗದಲ್ಲಿ ಔಷಧದ ಅಂಗಡಿ ತೆರೆದಂತೆ. ಮೊದಲರ್ಧದಲ್ಲಿ ಚೇಷ್ಟೆ ಮಾಡುತ್ತಿದ್ದವನಿಗೆ ಎರಡನೆಯ ಅರ್ಧದಲ್ಲಿ ಒಮ್ಮೆಲೇ ತಾಯಿಯ ರೋಗ, ತಂಗಿಯ ಮದುವೆ, ಗೆಳೆಯನ ಸಾವು ಬಂದು ಅಪ್ಪಳಿಸುತ್ತವೆ. ಮೊದಲು ನಕ್ಕದ್ದಕ್ಕೆ ದಂಡ ಕಟ್ಟಿದ ಹಾಗೆ ಮಂದಿ ಅಳುತ್ತಾರೆ. ಇದರಲ್ಲಿ ನಗೆಯೂ ಇದೆ, ನೋವೂ ಇದೆ. ಎರಡಕ್ಕೂ ಪರಿಚಯವಿಲ್ಲ.

ಹಾಗಾದರೆ ಪರಿಚಯ ಮಾಡಿಸುವುದು ಹೇಗೆ? ಇದಕ್ಕೆ ಬಹಳ ಹಳೆಯ ಉದಾಹರಣೆ ಶೂದ್ರಕನ ‘ಮೃಚ್ಛಕಟಿಕ’. ಚಾರುದತ್ತನು ಉದಾರಿಯಾಗಿ ದಿವಾಳಿಯಾದ ವ್ಯಾಪಾರಿ. ವಸಂತಸೇನೆ ತನ್ನ ಒಡವೆಯ ಗಂಟನ್ನು ಆತನ ಮನೆಯಲ್ಲಿ ಇಟ್ಟಿದ್ದಾಳೆ. ರಾತ್ರಿ ಶರ್ವಿಲಕನೆಂಬ ಬ್ರಾಹ್ಮಣ ಕಳ್ಳ ಕನ್ನ ಕೊರೆಯಲು ಬರುತ್ತಾನೆ. ಅಳತೆಯ ದಾರ ಮರೆತು ಬಂದದ್ದರಿಂದ ಜನಿವಾರದಿಂದಲೇ ಗೋಡೆಯನ್ನು ಅಳೆಯುತ್ತಾನೆ. ಒಳಗೆ ಮಲಗಿದ ಮೈತ್ರೇಯ ನಿದ್ದೆಗಣ್ಣಿನಲ್ಲಿ ಗೆಳೆಯನೇ ಬಂದನೆಂದು ತಿಳಿದು ಆ ಗಂಟನ್ನು ತಾನೇ ಕಳ್ಳನ ಕೈಗೆ ಕೊಡುತ್ತಾನೆ! ನೋಡುವವರು ಹೊಟ್ಟೆ ಹಿಡಿದು ನಗುತ್ತಾರೆ. ಆದರೆ ಬೆಳಗಾದರೆ ಏನು? ಇಟ್ಟ ಒಡವೆ ಹೋಯಿತೆಂದರೆ ಬಡವನ ಮಾತನ್ನು ಯಾರು ನಂಬಬೇಕು? ಚಾರುದತ್ತನ ಹೆಂಡತಿ ಧೂತೆ ತನ್ನಲ್ಲಿ ಉಳಿದಿದ್ದ ಮುತ್ತಿನ ಹಾರವನ್ನು ಕೊಟ್ಟುಬಿಡುತ್ತಾಳೆ. ಆ ಒಡವೆಗಳೇ ಮುಂದೆ ಚಾರುದತ್ತನನ್ನು ವಧಾಸ್ಥಾನದವರೆಗೆ ಎಳೆಯುತ್ತವೆ. ರಾತ್ರಿ ನಾವು ನಕ್ಕ ನಗೆಯ ಬೆಲೆಯನ್ನು ಬೆಳಿಗ್ಗೆ ಒಬ್ಬ ಹೆಣ್ಣುಮಗಳು ತೆತ್ತಳು. ಆ ನಗೆಯ ದೃಶ್ಯವನ್ನು ಕಿತ್ತು ಹಾಕಿದರೆ ನಾಟಕವೇ ಮುಂದೆ ಹೋಗುವುದಿಲ್ಲ. ಇದೇ ಪರೀಕ್ಷೆ. ಯಾವ ನಗೆಯನ್ನು ಕಿತ್ತು ಹಾಕಿದರೂ ಕಥೆಗೆ ಏನೂ ಆಗುವುದಿಲ್ಲವೋ, ಆ ನಗೆ ರಸ್ತೆಯ ಪರದೆಯ ನಗೆ.

ಸಿನಿಮಾದಲ್ಲಿ ಈ ವಿದ್ಯೆಯನ್ನು ಜಗತ್ತಿಗೆ ಕಲಿಸಿದವನು ಚಾರ್ಲಿ ಚಾಪ್ಲಿನ್. 1889ರಲ್ಲಿ ಹುಟ್ಟಿ, ಲಂಡನ್ನಿನ ಅನಾಥರ ಗಂಜಿಕೇಂದ್ರದಲ್ಲಿ ಬಾಲ್ಯದ ದಿನಗಳನ್ನು ಕಳೆದವನು ಆತ. 1925ರ ‘ಗೋಲ್ಡ್ ರಶ್’ ಚಿತ್ರದಲ್ಲಿ ಹಿಮದ ನಡುವೆ ಹಸಿದ ಚಾರ್ಲಿ ತನ್ನ ಬೂಟನ್ನೇ ಬೇಯಿಸಿ, ಅದರ ಲೇಸನ್ನು ಶ್ಯಾವಿಗೆಯಂತೆ ಸುತ್ತಿ ತಿನ್ನುತ್ತಾನೆ, ಮೊಳೆಗಳನ್ನು ಎಲುಬಿನಂತೆ ಚೀಪುತ್ತಾನೆ. ಜೊತೆಗಾರನಿಗೆ ಹಸಿವೆಯಿಂದ ಚಾರ್ಲಿಯೇ ಕೋಳಿಯಾಗಿ ಕಾಣುತ್ತಾನೆ. ಹಸಿವೆ ಅಲ್ಲಿ ನಿಜವಾದದ್ದು. ಆತ ನಗಿಸಲಿಕ್ಕೆಂದು ಬೂಟು ತಿನ್ನುತ್ತಿಲ್ಲ, ಹಸಿದಿದ್ದಾನೆಂದು ತಿನ್ನುತ್ತಿದ್ದಾನೆ. ಮರ್ಯಾದಸ್ಥನಂತೆ ತಿನ್ನುತ್ತಿದ್ದಾನೆಂದು ನಮಗೆ ನಗೆ ಬರುತ್ತದೆ.

1936ರ ‘ಮಾಡರ್ನ್ ಟೈಮ್ಸ್’ ಅಂತೂ ಗಿರಣಿಯಲ್ಲಿ ದುಡಿದ ಕೈಗೆ ಯಾರೂ ವಿವರಿಸಬೇಕಾಗಿಲ್ಲ. ಪಟ್ಟಿಯ ಮೇಲೆ ಓಡುವ ನಟ್ಟುಗಳನ್ನು ಬಿಗಿದು ಬಿಗಿದು, ಯಂತ್ರ ನಿಂತ ಮೇಲೂ ಚಾರ್ಲಿಯ ಕೈಗಳು ಬಿಗಿಯುವುದನ್ನು ನಿಲ್ಲಿಸುವುದಿಲ್ಲ. ಊಟದ ವೇಳೆಯನ್ನು ಉಳಿಸಲಿಕ್ಕೆ ಮಾಲಕನು ಉಣ್ಣಿಸುವ ಯಂತ್ರವನ್ನು ತರಿಸಿ ಈತನ ಮೇಲೆಯೇ ಪರೀಕ್ಷಿಸುತ್ತಾನೆ. ಯಂತ್ರ ಕೆಟ್ಟು ಮುಖಕ್ಕೆಲ್ಲ ಬಡಿಯುತ್ತದೆ. ಮುಂದೆ ಲಾರಿಯಿಂದ ಬಿದ್ದ ಕೆಂಪು ಬಾವುಟವನ್ನು ಎತ್ತಿ, ‘ನಿಮ್ಮದು ಬಿತ್ತು’ ಎಂದು ತೋರಿಸುತ್ತ ಹೋಗುವಾಗ ಹಿಂದಿನಿಂದ ಕಾರ್ಮಿಕರ ಮೆರವಣಿಗೆ ಬಂದು ಕೂಡಿಕೊಳ್ಳುತ್ತದೆ. ಪೋಲೀಸರು ಈತನೇ ಮುಂದಾಳು ಎಂದು ಹಿಡಿದು ಒಯ್ಯುತ್ತಾರೆ. ಭಾಷಣ ಒಂದೂ ಇಲ್ಲ. ನಿರಪರಾಧಿಯನ್ನು ಹಿಡಿಯುವುದು ಎಷ್ಟು ಸುಲಭ ಎಂಬುದನ್ನು ನಾವು ನಗುತ್ತಲೇ ಕಲಿತುಬಿಡುತ್ತೇವೆ.

ಇದೆಲ್ಲ ದೂರದ ಮಾತಾಯಿತು ಎನ್ನುವವರಿಗೆ ನಮ್ಮ ನಾಡಿನ ಹತ್ತಿರದ ಉದಾಹರಣೆಯಿದೆ. 2015ರಲ್ಲಿ ರಾಮ್ ರೆಡ್ಡಿಯವರು ನಿರ್ದೇಶಿಸಿ, ಈರೇಗೌಡರೊಂದಿಗೆ ಕೂಡಿ ಬರೆದ ‘ತಿಥಿ’. ಮಂಡ್ಯದ ಕಡೆಯ ಹಳ್ಳಿ, ಹಳ್ಳಿಯ ಜನರೇ ನಟರು. ಸ್ವಿಟ್ಜರ್‌ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಬಹುಮಾನ ಬಂತು. ನೂರಾ ಒಂದು ವರುಷದ ಸೆಂಚುರಿ ಗೌಡ ಸಾಯುತ್ತಾನೆ. ಮಗ ಗಡ್ಡಪ್ಪನಿಗೆ ತಿಥಿಯೂ ಬೇಡ, ಹೊಲವೂ ಬೇಡ. ಬ್ರಾಂದಿ ಕುಡಿಯುತ್ತ ತಿರುಗುವುದೊಂದೇ ಕೆಲಸ. ಮೊಮ್ಮಗ ತಮ್ಮಣ್ಣನಿಗೆ ಹೊಲ ತನ್ನ ಹೆಸರಿಗಾಗಬೇಕು. ಅದಕ್ಕಾಗಿ ಬದುಕಿರುವ ತಂದೆ ಸತ್ತನೆಂದು ಸುಳ್ಳು ಕಾಗದ ಮಾಡಿಸಿ, ರೊಕ್ಕ ಕೊಟ್ಟು ತಂದೆಯನ್ನು ಊರು ಬಿಡಿಸುತ್ತಾನೆ. ಕೇಳಿದರೇ ನಗೆ ಬರುವ ಕಥೆ. ಗಡ್ಡಪ್ಪನನ್ನು ಕಂಡಾಗಲೆಲ್ಲ ಮಂದಿ ನಗುತ್ತಾರೆ. ಆದರೆ ಒಂದು ರಾತ್ರಿ ಕುರಿಗಾರರ ಬೆಂಕಿಯ ಹತ್ತಿರ ಕುಳಿತು ಆ ಮುದುಕ ತನ್ನ ಮನೆಯ ಹಳೆಯ ನೋವನ್ನು ಹೇಳುತ್ತಾನೆ. ದನಿ ಏರಿಸುವುದಿಲ್ಲ, ಕಣ್ಣೀರು ಸುರಿಸುವುದಿಲ್ಲ. ಅಲ್ಲಿಯವರೆಗೆ ನಾವು ಕುಡುಕನನ್ನು ನೋಡುತ್ತಿದ್ದೆವು, ಆ ಮೇಲೆ ಮನುಷ್ಯನನ್ನು ನೋಡುತ್ತೇವೆ. ಅದಾದ ನಂತರವೂ ಚಿತ್ರದಲ್ಲಿ ನಗೆ ನಿಲ್ಲುವುದಿಲ್ಲ. ಆದರೆ ನಾವು ನಗುವ ರೀತಿ ಬದಲಾಗಿರುತ್ತದೆ. ಅವನ ಮೇಲೆ ನಗುತ್ತಿದ್ದವರು ಅವನೊಡನೆ ನಗತೊಡಗುತ್ತೇವೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ನಗೆಯ ಖರ್ಚು ಯಾರ ಖಾತೆಗೆ? ಕೈಲಾಸಂ 1918ರಲ್ಲಿ ‘ಟೊಳ್ಳುಗಟ್ಟಿ’ ಬರೆದಾಗ ನಕ್ಕದ್ದು ತಮ್ಮದೇ ವರ್ಗದ ಮೇಲೆ. ಪರೀಕ್ಷೆಯಲ್ಲಿ ಅಂಕ ತರುವ ಮಗನನ್ನು ಗಟ್ಟಿಯೆಂದೂ ಮನೆಗೆ ಆಗಿಬರುವ ಮಗನನ್ನು ಟೊಳ್ಳೆಂದೂ ತಿಳಿದ ಓದಿದವರ ಮನೆ ಅದು; ಆ ಇಂಗ್ಲಿಷು ಬೆರೆತ ಕನ್ನಡವೂ ಅವರದೇ ಮನೆಯ ಮಾತು. ನಮ್ಮ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಶ್ರೀರಂಗರು 1930ರ ದಶಕದಲ್ಲಿ ‘ಹರಿಜನ್ವಾರ’ ಬರೆದು ಚುಚ್ಚಿದ್ದೂ ಮೇಲುಜಾತಿಯ ಸೋಗನ್ನೇ, ತಾವು ಹುಟ್ಟಿ ಬೆಳೆದ ಮನೆಯನ್ನೇ. ಇವರಿಬ್ಬರ ನಗೆಗೂ ಬೆನ್ನೆಲುಬು ಇತ್ತು. ಇಂದು ಬೆಂಗಳೂರಿನ ಎಷ್ಟೋ ಚಿತ್ರಗಳಲ್ಲಿ ನಮ್ಮ ಕಡೆಯ ಮಾತು ಬರುವುದು ಮನೆಯಾಳಿನ ಬಾಯಲ್ಲಿ, ಇಲ್ಲವೆ ದಡ್ಡ ಪೋಲೀಸನ ಬಾಯಲ್ಲಿ. ‘ಹೋಗೂದೈತಿ, ಬರೂದೈತಿ’ ಎಂದರೆ ಸಾಕು, ನಗೆಯ ಸರಕು ಸಿದ್ಧವಾಯಿತು. ಇದರ ಮೇಲೆ ಬೇಸರಪಡಬೇಕಾದ ನಮ್ಮ ತರುಣರೇ ಮೊಬೈಲಿನ ಚಿತ್ರಗಳಲ್ಲಿ ಅದೇ ಸರಕನ್ನು ಇನ್ನೂ ಅಗ್ಗಕ್ಕೆ ಮಾರುತ್ತಿದ್ದರೆ ಹೇಗೆ? ಈ ಮಾತಿನಲ್ಲಿ ಬೇಂದ್ರೆಯವರು ಹಾಡಿದ್ದಾರೆ. ಇದೇ ಮಾತಿನಲ್ಲಿ ನಮ್ಮ ತಾಯಂದಿರು ಮಕ್ಕಳನ್ನು ಮಲಗಿಸುತ್ತಾರೆ, ಸತ್ತವರಿಗಾಗಿ ಅಳುತ್ತಾರೆ. ಅಳಲಿಕ್ಕೆ ಬಾರದ ಭಾಷೆ ಯಾವುದೂ ಇಲ್ಲ. ಬರೆಯುವವನಿಗೆ ಅದು ಕೇಳಿಸಬೇಕು, ಅಷ್ಟೇ.

ಅಧಿಕಾರಸ್ಥರನ್ನು ನಗೆಪಾಟಲು ಮಾಡಿದರೆ ಸಾಕು, ಎಲ್ಲ ಸರಿಹೋಯಿತು ಎಂದೂ ಹೇಳಲಾರೆವು. ಮಾಸ್ಟರ್ ಹಿರಣ್ಣಯ್ಯನವರು (1934-2019) ‘ಲಂಚಾವತಾರ’ವನ್ನು ಸಾವಿರಾರು ಸಲ ಆಡಿದರು. ಅಂದಂದಿನ ಸುದ್ದಿಯನ್ನು ಎತ್ತಿಕೊಂಡು ಮಂತ್ರಿ-ಅಧಿಕಾರಿಗಳನ್ನು ಹೆದರದೆ ತರಾಟೆಗೆ ತೆಗೆದುಕೊಂಡರು. ಆ ಧೈರ್ಯಕ್ಕೆ ನಮ್ಮ ನಮಸ್ಕಾರ. ಆದರೆ ಅಂಥ ನಾಟಕಕ್ಕೆ ಲಂಚ ತಿನ್ನುವವನೂ ಹೆಂಡತಿ-ಮಕ್ಕಳೊಡನೆ ಬಂದು ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಬಲ್ಲ. ‘ಬೇರೆಯವರಿಗೆ ಹೇಳಿದ್ದು’ ಎಂದು ಹಗುರಾಗಿ ಮನೆಗೆ ಹೋಗಬಲ್ಲ. ಅವನ ನಗೆ ಗಂಟಲಲ್ಲಿ ಸಿಕ್ಕಿಕೊಳ್ಳಬೇಕಾದರೆ, ಲಂಚ ಕೊಟ್ಟವನು ಆ ರೊಕ್ಕವನ್ನು ಎಲ್ಲಿಂದ ತಂದ, ಮನೆಯಲ್ಲಿ ಯಾವ ಪಾತ್ರೆ ಮಾರಿದ ಎಂಬುದೂ ಒಮ್ಮೆ ಕಾಣಬೇಕು. ವ್ಯಂಗ್ಯಕ್ಕೆ ಕಥೆಯ ಭಾರ ಬೇಕಾಗುವುದು ಇಲ್ಲಿಯೇ.

‘ದಿನವೆಲ್ಲ ದುಡಿದು ಬಂದವನಿಗೆ ಎರಡು ತಾಸು ನಗಲಿಕ್ಕೆ ಬಿಡಿರಿ, ಅಲ್ಲಿಯೂ ಕಷ್ಟವನ್ನೇ ತೋರಿಸಬೇಕೇ?’ ಎಂದು ಕೇಳುವವರಿದ್ದಾರೆ. ಕೇಳತಕ್ಕ ಮಾತೇ. ಜಾತ್ರೆಯಲ್ಲಿ ಹತ್ತು ನಿಮಿಷದ ಸೋಗಿಗೆ ಯಾವ ಭಾರವೂ ಬೇಡ. ಆದರೆ ದುಡಿಯುವವನು ಕಷ್ಟವನ್ನು ಮರೆತರೆ ಮಾತ್ರ ನಗುತ್ತಾನೆ ಎಂಬುದು ಅವನನ್ನು ಬಲ್ಲವರ ಮಾತಲ್ಲ. ಪಾಳಿ ಬಿಟ್ಟ ಮೇಲೆ ಚಹಾದ ಅಂಗಡಿಯಲ್ಲಿ ಕುಳಿತು ಕೇಳಿರಿ. ‘ಪಗಾರ ಬಂತೇನಪಾ?’ ಎಂದರೆ, ‘ಬಂತೋ ಮಾರಾಯಾ, ಮನೀಗೆ ಬರೂದರೊಳಗ ಹಾದ್ಯಾಗ ಶೆಟ್ಟರ ಅಂಗಡಿಯೊಳಗ ಇಳಕೊಂತು’ ಎನ್ನುತ್ತಾನೆ. ಎಲ್ಲರೂ ನಗುತ್ತಾರೆ. ಎಲ್ಲರ ಪಗಾರವೂ ಅಲ್ಲಿಯೇ ಇಳಿದಿರುತ್ತದೆ. ಭರತನು ಶೃಂಗಾರದಿಂದ ಹಾಸ್ಯ ಹುಟ್ಟುತ್ತದೆಂದ. ನಮ್ಮ ಓಣಿಗಳಲ್ಲಿ ಅದು ಹೆಚ್ಚಾಗಿ ಸಾಲದಿಂದ ಹುಟ್ಟುತ್ತದೆ.

ಬರೆಯುವ ತರುಣರಿಗಾಗಿ ಒಂದು ಉದಾಹರಣೆ ಕೊಟ್ಟು ಮುಗಿಸುತ್ತೇವೆ. ಸಣ್ಣ ಕಿರಾಣಿ ಅಂಗಡಿಯಲ್ಲಿ ‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕ ಎಲ್ಲರೂ ಕಂಡದ್ದು. ಒಬ್ಬ ಗಿರಾಕಿ ಪ್ರತಿದಿನ ಬಂದು, ‘ನಿನ್ನೆ ನೀವು ನಾಳೆ ಅಂದಿದ್ದಿರಿ, ಆ ನಾಳೆ ಇವತ್ತ ಬಂದೈತಿ, ಉದ್ರಿ ಕೊಡ್ರಿ’ ಎಂದು ಕೇಳಲಿ. ಅಂಗಡಿಯವ ಸುಮ್ಮನೆ ಫಲಕದತ್ತ ಬೆರಳು ತೋರಿಸಲಿ. ಮಂದಿ ನಗುತ್ತಾರೆ, ಎರಡನೆಯ ದಿನ ಇನ್ನೂ ನಗುತ್ತಾರೆ. ಇಷ್ಟಕ್ಕೇ ಬಿಟ್ಟರೆ ಅದು ಚುಟುಕು. ಆದರೆ ಆ ಗಿರಾಕಿಗೆ ಉದ್ರಿ ಏಕೆ ಬೇಕು ಎಂಬುದು ಬರೆಯುವವನಿಗೆ ಗೊತ್ತಿರಬೇಕು. ಅಂಗಡಿಯವನು ಏಕೆ ಕೊಡಲಾರ ಎಂಬುದೂ ಗೊತ್ತಿರಬೇಕು. ಒಂದು ದಿನ ಅಂಗಡಿಯವನೇ ಮಾಲು ತರಲಿಕ್ಕೆ ಪೇಟೆಯ ಠೋಕ ವ್ಯಾಪಾರಿಯ ಹತ್ತಿರ ಹೋಗಿ, ‘ಈ ಸಲ ಉದ್ರಿ ಕೊಡ್ರಿ’ ಎಂದು ನಿಲ್ಲಲಿ. ಅಲ್ಲಿಯೂ ಗೋಡೆಯ ಮೇಲೆ ಅದೇ ಫಲಕ. ವ್ಯಾಪಾರಿ ಬೆರಳನ್ನಷ್ಟೇ ಎತ್ತಿ ತೋರಿಸಲಿ. ಟಾಕೀಸಿನಲ್ಲಿ ಮೊದಲು ನಗೆ ಏಳುತ್ತದೆ, ನಡುವೆಯೇ ನಿಲ್ಲುತ್ತದೆ. ಆಗ ಯಾವ ಪಾತ್ರದ ಬಾಯಿಂದಲೂ ನೀತಿ ಹೇಳಿಸಬಾರದು, ಪಿಟೀಲು ಬಾರಿಸಬಾರದು. ಅಂಗಡಿಯವ ಖಾಲಿ ಚೀಲ ಮಡಚಿ ಹೊರಗೆ ಬರಲಿ, ಅಷ್ಟೇ ಸಾಕು. ಮರುದಿನ ಆ ಹಳೆಯ ಗಿರಾಕಿ ಬಂದಾಗ ಅಂಗಡಿಯವನು ಏನು ಮಾಡುತ್ತಾನೆ ಎಂಬುದೇ ನಿಮ್ಮ ಕಥೆ.

ಬರೆದ ಮೇಲೆ ಅದನ್ನು ಗೆಳೆಯರ ಗುಂಪಿನಲ್ಲಷ್ಟೇ ಓದಬೇಡಿರಿ. ಗೆಳೆಯರು ಎಲ್ಲದಕ್ಕೂ ನಗುತ್ತಾರೆ. ನೀವು ಯಾರನ್ನು ಬರೆದಿರುವಿರೋ ಆ ಹಮಾಲರು, ಆ ಕಿರಾಣಿಯವರು, ಆ ಮನೆಗೆಲಸದ ಹೆಣ್ಣುಮಕ್ಕಳು, ಅವರ ಮುಂದೆ ಕುಳಿತು ಓದಿರಿ. ಅವರು ನಿಮ್ಮೊಡನೆ ನಕ್ಕರೆ ಬರವಣಿಗೆ ಸರಿಯಿದೆ. ಅವರು ತಲೆ ತಗ್ಗಿಸಿದರೆ ಆ ಪುಟ ಹರಿದು ಮತ್ತೆ ಬರೆಯಿರಿ. ವಾಚಕರಿಗೂ ನಮ್ಮದೊಂದು ವಿನಂತಿ. ನಿಮ್ಮ ಓಣಿಯ ಹುಡುಗ ಕಥೆ ಹಿಡಿದುಕೊಂಡು ಬಂದರೆ ‘ಈಗ ಹೊತ್ತಿಲ್ಲ’ ಎಂದು ಕಳಿಸಬೇಡಿರಿ. ಕೂಡ್ರಿಸಿ ಕೇಳಿರಿ, ಎಲ್ಲಿ ನಗೆ ಬರಲಿಲ್ಲವೋ ಅಲ್ಲಿ ಮುಖದಾಕ್ಷಿಣ್ಯ ಮಾಡದೆ ಹೇಳಿರಿ.